ಲಾರಿಯಲ್ಲಿ ನನಗಿಲ್ಲದ ಜಾಗ

ಅಕ್ಕಾ,

ಲಾರಿಯವರು ಬೆಳಿಗ್ಗೆ ಬಂದು ಸಾಮಾನು ಅಳೆದುಕೊಂಡು ಹೋದರು. ನಿನ್ನ ಮಂಚ, ಬೀರು, ಅಡುಗೆಮನೆ ಮುಗಿದ ಮೇಲೆ ಟೇಪು ಸುತ್ತಿಕೊಂಡರು. ನಾನು ನನ್ನ ಮೇಜು ತೋರಿಸಿದೆ. "ಅದು ಬರಲ್ವಂತಲ್ಲಮ್ಮಾ? ತಂಗಿ ಇಲ್ಲೇ ಇರ್ತಾಳೆ, ಅರ್ಧ ಜಾಗ ಸಾಕು ಅಂತ ನಿಮ್ಮಕ್ಕ ಫೋನ್ ಮಾಡಿದ್ರಲ್ಲ!" ಎಂದರು.

ಒಬ್ಬರ ಮಾತು ಕೇಳಿ ನಾನು ಸುದ್ದಿ ಬರೆಯುವುದಿಲ್ಲ. ಮನೆ ಮಾಲೀಕರನ್ನೂ ವಿಚಾರಿಸಿದೆ. ಬಾಡಿಗೆ ಕರಾರನ್ನು ತಂಗಿಯ ಹೆಸರಿಗೆ ಮಾಡಿಕೊಡಿ ಎಂದು ಹೋದ ವಾರವೇ ಹೇಳಿದ್ದೀಯಂತೆ.

ಹೋದ ವಾರ ನಾನು ರೈಲಿನ ಪಾರ್ಸೆಲ್, ಇಡೀ ಲಾರಿ, ಬೇರೆಯವರ ಸಾಮಾನಿನೊಂದಿಗೆ ಹಂಚಿಕೊಳ್ಳುವ ಲಾರಿ ಎಂದು ಊರೆಲ್ಲ ಫೋನ್ ಮಾಡಿ, ನಮ್ಮಿಬ್ಬರ ಮನೆಯನ್ನು ಅಗ್ಗದಲ್ಲಿ ಸಾಗಿಸುವ ದಾರಿ ಹುಡುಕುತ್ತಿದ್ದೆ. ನೀನು ಪಕ್ಕದಲ್ಲೇ ಕೂತು, "ನೀನಿಲ್ದಿದ್ರೆ ನನ್ ಗತಿ ಏನೇ!" ಅಂದೆ.

ಲಾರಿ ಗುರುವಾರ ಬರುತ್ತದೆ. ಹಂಚಿಕೆಯ ಲಾರಿ, ಯಾರಿಗೂ ಕಾಯುವುದಿಲ್ಲ. ಮಂಚ ಬಿಚ್ಚಿಡು, ಸ್ಪ್ಯಾನರ್ ಸಿಂಕಿನ ಕೆಳಗಿದೆ. ಗಾಜಿನ ಲೋಟಗಳನ್ನು ನಿನ್ನೆಯೇ ನಿನ್ನ ಸ್ವೆಟರುಗಳಲ್ಲಿ ಸುತ್ತಿಟ್ಟಿದ್ದೇನೆ, ಆ ಪೆಟ್ಟಿಗೆಯ ಮೇಲೆ ಏನೂ ಹೇರಬೇಡ. ಸಾಮಾನು ಕೈಸೇರಲು ವಾರ ಹಿಡಿಯಬಹುದು. ಬಿ.ಪಿ. ಮಾತ್ರೆ ಕೈಚೀಲದಲ್ಲೇ ಇರಲಿ.

ನಿನಗೆ ವರ್ಗವಾಯಿತೆಂದು ನಾನು ಕೊಟ್ಟ ರಾಜೀನಾಮೆಯನ್ನು ವಾಪಸು ಕೇಳಲು ಪತ್ರಿಕೆಯ ಆಫೀಸಿಗೆ ಹೊರಟಿದ್ದೇನೆ. ನನ್ನ ಕುರ್ಚಿಯಲ್ಲಿ ಆಗಲೇ ಬೇರೊಬ್ಬರು ಕೂತಿದ್ದಾರೆ. ಕೆಲಸ ಸಿಗದಿದ್ದರೂ ನಿನ್ನ ಹಿಂದೆ ಬರುವುದಿಲ್ಲ, ಹೆದರಬೇಡ.

ಸಂಜೆ ಮನೆಯಲ್ಲಿರು. ಲಾರಿಯವರಿಗೂ ಮಾಲೀಕರಿಗೂ ಹೇಳಿದ್ದನ್ನು ನನ್ನ ಮುಖ ನೋಡಿ ಒಮ್ಮೆ ಹೇಳು.