ಪಾತೇಲಿಯ ಮೇಲಿನ ಕಲ್ಲು

ಘೋಡಗೇರಿ, ಹುಕ್ಕೇರಿ ತಾಲೂಕು
೧೨ ಡಿಸೆಂಬರ್ ೧೯೬೦

ಪ್ರೀತಿಯ ತಮ್ಮ ಮಾಲಿಂಗಾ,

ಹೇಗಿದ್ದೀಯಪ್ಪಾ? ಚಳಿಗೆ ಕಾಲ್ಬೆರಳು ಕಪ್ಪಾಗಿವೆ ಎಂದು ನೀನು ಬರೆದಿದ್ದೆ, ಈಗ ವಾಸಿಯಾಗಿವೆಯೇ? ಕಳಿಸಿದ ಕರಿಕಂಬಳಿ ಮುಟ್ಟಿತೇ? ಅದನ್ನು ಹೊದ್ದುಕೊಳ್ಳಲು ಸಾಹೇಬರು ಬಿಡದಿದ್ದರೆ ಹಾಸಿಕೊಂಡಾದರೂ ಮಲಗು. ಇಲ್ಲಿ ನಾನಿದ್ದೇನೆ, ನಿನ್ನ ವೈನಿ ಇಂದ್ರವ್ವ ಇದ್ದಾಳೆ, ಕುರಿಗಳಿವೆ. ಇಷ್ಟು ದಿನ ‘ನಾವೆಲ್ಲ ಕ್ಷೇಮ’ ಎಂದು ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದೆ. ಈಗ ಆ ‘ಎಲ್ಲ’ ಎಂಬ ಮಾತು ಬರೆಯಲು ಕೈ ಏಳುವುದಿಲ್ಲ.

ಅವ್ವ ತೀರಿಕೊಂಡಳೆಂಬ ತಾರು ನಿನಗೆ ಮುಟ್ಟಿದೆ, ಲಡಾಖದಲ್ಲಿ ಹಿಮ ಬಿದ್ದು ದಾರಿ ಕಟ್ಟಿದೆ, ಬೇಸಿಗೆಯವರೆಗೆ ಯಾರೂ ಕೆಳಗಿಳಿಯುವಂತಿಲ್ಲ ಎಂದು ನಿಮ್ಮ ಸಾಹೇಬರ ಕಾಗದ ಬಂತು. ಇಂಗ್ಲಿಷಿನಲ್ಲಿತ್ತು, ಸಾಲಿಯ ದುಂಡಪ್ಪ ಮಾಸ್ತರು ಓದಿ ಹೇಳಿದರು. ವಿಮಾನದಿಂದ ಕೆಡವುವ ಚೀಲದಲ್ಲಿ ಕಾಗದ ಮಾತ್ರ ಬರುತ್ತದಂತೆ. ಅವ್ವನ ಮಣ್ಣಿಗೆ ನೀನು ಬರಲಿಲ್ಲವೆಂದು ಇಲ್ಲಿ ಯಾರಿಗೂ ಸಿಟ್ಟಿಲ್ಲ, ನೀನೂ ನಿನ್ನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಆದರೆ ಅವಳ ಕೊನೆಯ ದಿನಗಳು ಹೇಗೆ ಹೋದವು ಎಂಬುದು ನಿನಗೆ ತಿಳಿದಿರಬೇಕು. ಅವೆಲ್ಲ ನಿನ್ನ ಹುರುಳಿಯ ಹಿಂದೆಯೇ ಹೋದವು.

ದೀಪಾವಳಿಯ ಮುಂದೆ ನಿನ್ನ ಕಾಗದ ಬಂದಿತ್ತಲ್ಲ, ಅವ್ವ ಕಳಿಸಿದ ಹುರುಳಿ ಬೇಯಲೇ ಇಲ್ಲ, ನೀರು ಬೇಗ ಬೇಗ ಕುದಿಯುತ್ತದೆ, ಕಾಳು ಮಾತ್ರ ಬಂದೂಕಿನ ಗುಂಡಿನ ಹಾಗೆ ಉಳಿಯುತ್ತದೆ ಎಂದು. ನಾವು ನಗಲೆಂದು ನೀನು ಬರೆದೆ. ಅವಳು ನಗಲಿಲ್ಲ. ಆ ಹೊತ್ತು ರೊಟ್ಟಿಯನ್ನೂ ಮುಟ್ಟಲಿಲ್ಲ. “ಉಪ್ಪು ಮೊದಲ ಹಾಕಿರಬೇಕು ಆ ಹುಚ್ಚ, ಉಪ್ಪು ಬಿದ್ರ ಕಾಳು ಬಿರುಸಾಕ್ಕಾವು” ಎಂದಳು. ಆಮೇಲೆ ಹುರುಳಿಯ ಮೇಲೆ ಸಂಶಯ ಬಂತು, ಅದೇ ಗಡಿಗೆಯ ಕಾಳನ್ನು ಬೇಯಿಸಿ ನೋಡಿದಳು. ಬೆಣ್ಣೆಯಂತೆ ಬೆಂದವು. ಕಡೆಗೆ ನನ್ನನ್ನು ಎಬ್ಬಿಸಿಕೊಂಡು ಮಾಸ್ತರ ಮನೆಗೆ ನಡೆದಳು. ಜೀವಮಾನದಲ್ಲಿ ಸಾಲಿಯ ಮೆಟ್ಟಿಲು ಹತ್ತದವಳು ಅಲ್ಲಿ ಕಟ್ಟೆಯ ಮೇಲೆ ಸೆರಗು ಹೊದ್ದು ಕುಳಿತು, “ಬೆಂಕಿ ಅಲ್ಲೂ ಬೆಂಕಿನ, ನೀರ ಅಲ್ಲೂ ನೀರ, ಮತ್ಯಾಕ್ರಿ ಮಾಸ್ತರ?” ಎಂದು ಕೇಳಿದಳು.

ಮಾಸ್ತರು ಅವಳಿಗೆ ತಿಳಿಯುವಂತೆ ಕುರಿಯ ಲೆಕ್ಕದಲ್ಲಿ ಹೇಳಿದರು. ನೀರೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಹಿಂಡು. ತಣ್ಣಗಿದ್ದಾಗ ಒಂದಕ್ಕೊಂದು ಒತ್ತಿಕೊಂಡು ದೊಡ್ಡಿಯೊಳಗೆ ಹೊರಳಾಡುತ್ತಿರುತ್ತವೆ. ಕಾವು ಏರಿದಂತೆ ಅವಕ್ಕೆ ಸೊಕ್ಕು ಬರುತ್ತದೆ, ಹಾಯುತ್ತವೆ, ಜಿಗಿಯುತ್ತವೆ. ಮೇಲೆ ಗಾಳಿಯ ಭಾರವೊಂದು ಬೇಲಿಯ ಹಾಗೆ ಅವನ್ನು ತಡೆದಿರುತ್ತದೆ. ಆ ಬೇಲಿ ದಾಟುವಷ್ಟು ಬಲ ಬಂದಾಗ ನೀರಿನ ಒಳಗೂ ಗುಳ್ಳೆ ಕಟ್ಟಿ ಹಿಂಡು ಹಿಂಡಾಗಿ ಹೊರಬೀಳುತ್ತವೆ, ಅದೇ ಕುದಿ. ನಿಮ್ಮ ಗುಡ್ಡದ ಮೇಲೆ ಗಾಳಿ ತೆಳುವಂತೆ, ಬೇಲಿ ಗಿಡ್ಡ. ಅರ್ಧ ಸೊಕ್ಕಿಗೇ ಕಣಗಳು ಜಿಗಿದುಹೋಗುತ್ತವೆ, ನೀರು ಸಾಕಷ್ಟು ಬಿಸಿಯಾಗುವ ಮೊದಲೇ ಕುದಿಯುತ್ತದೆ. ಆಮೇಲೆ ಎಷ್ಟು ಕಟ್ಟಿಗೆ ಒಟ್ಟಿದರೂ ಉಪಯೋಗವಿಲ್ಲ, ಹೊಸದಾಗಿ ಕೊಟ್ಟ ಕಾವನ್ನು ಹೊರಗೆ ಹೋಗುವ ಕಣಗಳೇ ಹೊತ್ತುಕೊಂಡು ಹೋಗುತ್ತವೆ. ಉಪ್ಪು ಹಾಕಿದರೆ ನೀರು ಸ್ವಲ್ಪ ಹೆಚ್ಚು ಬಿಸಿಗೆ ಕುದಿಯುತ್ತದೆ ಎಂದೂ ಅವರ ಬಾಯಿಂದ ಬಂದುಬಿಟ್ಟಿತು. ಮರುದಿನವೇ ಅವ್ವ ಹಿಡಿ ಹಿಡಿ ಉಪ್ಪು ಸುರಿದಳು. ಆ ಸಾರನ್ನು ನಾಯಿಯೂ ಮೂಸಲಿಲ್ಲ.

ಆದರೆ ಬೇಲಿಯ ಮಾತು ಅವಳ ತಲೆಯಲ್ಲಿ ಕುಳಿತಿತ್ತು. ರೊಟ್ಟಿ ತಟ್ಟುತ್ತ ತಟ್ಟುತ್ತಲೇ, “ಬೇಲಿ ಗಿಡ್ಡ ಐತಿ ಅಂದ್ರ ಎತ್ತರ ಮಾಡೂದಪ್ಪಾ, ಅದಕ್ಯಾಕ ಅಳೂದು” ಎಂದಳು. ಹಿತ್ತಾಳೆ ಪಾತೇಲಿಗೆ ಮುಚ್ಚಳ ಹಾಕಿ ಮೇಲೆ ಖಾರ ಅರೆಯುವ ಗುಂಡುಕಲ್ಲು ಇಟ್ಟಳು. ಸಂದಿಯಿಂದ ಹಬೆ ಸೋರಿತು. ಮರುದಿನ ಸಂದಿಗೆಲ್ಲ ಹಿಟ್ಟು ಮೆತ್ತಿದಳು. ಕಲ್ಲೂ ಮುಚ್ಚಳವೂ ಹಾರಿ ಜಂತಿಗೆ ಬಡಿದವು. ಇಂದ್ರವ್ವ ಅಂಗಳಕ್ಕೆ ಓಡಿದಳು, ಬೆಕ್ಕು ಆಮೇಲೆ ಒಲೆಯ ಕಡೆ ಸುಳಿಯಲಿಲ್ಲ. ನಮ್ಮ ಸಾತವ್ವ ಅತ್ತಿ, ನಿನಗೆ ಗೊತ್ತಲ್ಲ ಅಪ್ಪನ ಅಕ್ಕನ ಬಾಯಿ, “ಮಗಾ ಗಡಿ ಕಾಯಾಕ ಹ್ವಾದ ಅಂತ ಈಕಿ ಒಲಿ ಮುಂದ ಲಡಾಯಿ ಹೂಡ್ಯಾಳ” ಎಂದಳು. ಅವ್ವ ಎದ್ದು ಕಲ್ಲು ಹುಡುಕಿ ತಂದು ತೊಳೆದಿಟ್ಟಳು. ಈ ಸಂಗತಿ ನಿನಗೆ ಬರೆಯಲೇ ಎಂದು ಕೇಳಿದಾಗಲೆಲ್ಲ, “ತಡಿಯೋ, ಹಾರಿ ಅವನ ಮಾರಿಗೆ ಬಡದೀತು. ಇನ್ನೊಮ್ಮೆ ನೋಡ್ತೀನಿ” ಎನ್ನುತ್ತಿದ್ದಳು. ಆಗಲೇ ಕೆಮ್ಮು ಹತ್ತಿತ್ತು. ಅಂಕಲಗಿಯಿಂದ ಔಷಧಿ ತಂದುಕೊಟ್ಟೆ, ಅದನ್ನು ಕುಡಿದು ಮತ್ತೆ ಒಲೆಯ ಮುಂದೆ ಕೂಡುತ್ತಿದ್ದಳು.

ಕಸಬರಿಗೆಯ ಕಡ್ಡಿ ಅವಳಿಗೆ ಹೊಳೆದದ್ದು ಹೇಗೋ ನಾನರಿಯೆ. ಹಿಟ್ಟಿನಲ್ಲಿ ಕಡ್ಡಿ ಚುಚ್ಚಿ ತೆಗೆದು ಸಣ್ಣ ತೂತು ಬಿಟ್ಟಳು. ಹಬೆ ಅದರಲ್ಲಿ ಸೀಟಿಯಂತೆ ಕೂಗಿತು, ಕಲ್ಲು ಅಲುಗಲಿಲ್ಲ. ಹುರುಳಿ ಎಂದಿಗಿಂತ ಬೇಗ ಬೆಂದಿತು. ಎರಡು ಬೆರಳ ನಡುವೆ ಒಂದು ಕಾಳು ಹಿಚುಕಿ ನನ್ನ ಕಣ್ಣ ಮುಂದೆ ಹಿಡಿದು, “ಈಗ ಬರಿ” ಎಂದಳು. ಆ ಸಂಜೆಯೇ ಜ್ವರ ಏರಿತು, ಎದೆ ಹಿಡಿಯಿತು. ಬರೆಯಲು ಕುಳಿತವನು ಎದ್ದು ಗಾಡಿ ಹೂಡಿದೆ. ದವಾಖಾನೆಯ ದಾರಿಯಲ್ಲಿ, ನನ್ನ ತೊಡೆಯ ಮೇಲೆ, ಹೋಗಿಬಿಟ್ಟಳು.

ಮೂರನೆಯ ದಿನ ಮಣ್ಣು ಮಾಡಿದಲ್ಲಿ ಕಾಗೆಗೆ ಎಡೆ ಇಟ್ಟೆವು. ಅನ್ನ, ಹೋಳಿಗೆ, ಅವಳಿಗೆ ಸೇರುವ ಹುರುಳಿ ಸಾರು. ಕಾಗೆ ಜಾಲಿಮರದ ಮೇಲೆ ಕುಳಿತಿತ್ತು, ಇಳಿಯಲೊಲ್ಲದು. ಜೀವದಲ್ಲಿ ಏನೋ ಉಳಿದಿದೆ, ಮಾತು ಕೊಡಿರಿ ಎಂದರು ಹಿರಿಯರು. ಸಾತವ್ವ ಅತ್ತಿ ಮೊದಲು ಕೈ ಜೋಡಿಸಿ, “ಸಣ್ಣಾಂವನ ಮದುವಿ ನಾ ಮುಂದ ನಿಂತ ಮಾಡ್ತೀನಿ, ಉಣ್ಣ ನಮ್ಮವ್ವಾ” ಎಂದಳು. ಇಲ್ಲ. ಅಣ್ಣತಮ್ಮರು ಬೇರೆಯಾಗುವುದಿಲ್ಲ ಎಂದು ನಾನು ಹೇಳಿದೆ. ಇಲ್ಲ. ಆಗ ನನಗೆ ತಿಳಿಯಿತು. “ಅವ್ವಾ, ಕಲ್ಲಿನ ಸಂಗತಿ ಮಾಲಿಂಗಗ ಬರೀತೀನಿ” ಎಂದೆ. ಕಾಗೆ ಕೆಳಗಿನ ಕೊಂಬೆಗೆ ಇಳಿಯಿತು, ಕತ್ತು ಕೊಂಕಿಸಿ ನೋಡಿತು, ಹಾರಿಹೋಯಿತು. ಕತ್ತಲಾಗುವವರೆಗೆ ಕಾದು ಎಡೆಯನ್ನು ಆಕಳಿಗೆ ಹಾಕಿದೆವು. ಮನೆಗೆ ಬರುವ ದಾರಿಯಲ್ಲಿ ಅತ್ತಿ ಮೂಗು ಒರೆಸಿಕೊಳ್ಳುತ್ತ, “ಬರೀತೀನಿ ಅಂದ್ರ ನಂಬಾಕಿ ಅಲ್ಲೋ ಆಕಿ. ಕಾಳ ಹಿಚುಕಿ ನೋಡಬೇಕ ಆಕಿಗೆ” ಎಂದಳು. ಊರೆಲ್ಲ ಕಾಗೆಯ ಮಾತು ಮರೆತಿದೆ. ನನಗೆ ಮಾತ್ರ ಪ್ರತಿ ತುತ್ತಿಗೂ ಆ ಕೊಂಬೆ ಕಾಣುತ್ತದೆ.

ಮೈ ಬೆಚ್ಚಗಿಟ್ಟುಕೋ. ಒಬ್ಬನೇ ಕುಳಿತು ಅಳಬೇಡ, ಜೊತೆಗಾರರ ನಡುವೆ ಕುಳಿತು ಅಳು. ವೈನಿ ನಿನ್ನನ್ನು ಕೇಳಿದ್ದಾಳೆ. ಮಾಸ್ತರು ನೆನೆಸಿದ್ದಾರೆ. ಬೀರದೇವರು ನಿನ್ನನ್ನು ಕಾಯಲಿ. ಅವ್ವ ಹೇಳುವ ಆಶೀರ್ವಾದವನ್ನೂ ಇನ್ನು ನಾನೇ ಹೇಳಬೇಕು, ನೂರು ವರ್ಷ ಬಾಳು.

ನಿನ್ನ ಅಣ್ಣ,
ಗುಡ್ಡಪ್ಪ

ತಾ.ಕ.: ಟಪಾಲಿನವ ಬಾಗಿಲಲ್ಲಿ ನಿಂತಿದ್ದಾನೆ. ಉಳಿದ ಹುರುಳಿಯನ್ನು ಹಿಂದಿನ ದಿನವೇ ನೆನೆಸು. ಪಾತೇಲಿ ಅರ್ಧದ ಮೇಲೆ ತುಂಬಬೇಡ. ಮುಚ್ಚಳದ ಸುತ್ತ ಗೋಧಿಹಿಟ್ಟು ಮೆತ್ತು, ಕಡ್ಡಿಯಿಂದ ತೂತು ಮಾಡು, ಅದು ಕಟ್ಟಿಕೊಳ್ಳದಂತೆ ನೋಡು, ಮೇಲೆ ಕಲ್ಲಿಡು, ದೂರ ನಿಲ್ಲು. ಕಾಳು ಮೆತ್ತಗಾದರೆ ಮೊದಲ ಹಿಡಿ ನೀನು ತಿನ್ನಬೇಡ. ಹೊರಗೆ ಬಂಡೆಯ ಮೇಲಿಟ್ಟು ಅವ್ವನನ್ನು ಕರೆ. ಅಲ್ಲಿ ಕಾಗೆ ಇವೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಯಾವ ಹಕ್ಕಿಯಾದರೂ ನಡೆದೀತು. ಹಕ್ಕಿ ಕಾಳು ಮುಟ್ಟಿತೆಂದು ಒಂದೇ ಸಾಲು ಬರೆ. ಅಲ್ಲಿಯವರೆಗೆ ಪಾತೇಲಿಯ ಅಂಚಿಗೆ ಒಣಗಿ ಅಂಟಿರುವ ಅವಳ ಕೈಯ ಹಿಟ್ಟನ್ನು ಇಂದ್ರವ್ವನಿಗೆ ತೊಳೆಯಗೊಡುವುದಿಲ್ಲ.