ಅಮ್ಮನಿಗೆ ಸಿಕ್ಕ ಸೀಟು

ಬುಧವಾರ, ಮಧ್ಯಾಹ್ನ

ಅಮ್ಮಾ,

ಒಂದೇ ಕೋಣೆಯಲ್ಲಿ ಮಲಗುವವರು ಒಬ್ಬರಿಗೊಬ್ಬರು ಪತ್ರ ಬರೆಯುವುದೆಂದರೆ ನಗು ಬರುತ್ತದೆ, ಅಲ್ಲವೇ? ನಕ್ಕುಬಿಡು. ಎದುರಿಗೆ ನಿಂತು ಹೇಳೋಣವೆಂದರೆ ನೀನು "ಏನೇ ಗುಬ್ಬಿ, ಊಟ ಆಯ್ತಾ" ಅನ್ನುತ್ತೀಯ, ನಾನು "ಹೂಂ, ಆಯ್ತು" ಅನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯಿತು. ಅದಕ್ಕೇ ಇದನ್ನು ಬರೆದು ನಿನ್ನ ಬ್ಯಾಗಿನಲ್ಲಿ ಇಡುತ್ತಿದ್ದೇನೆ. ಸಂಜೆ ಡ್ಯೂಟಿಗೆ ಹೋದ ಮೇಲೆ ಆಸ್ಪತ್ರೆಯ ಲ್ಯಾಬಿನಲ್ಲೇ ಓದು. ಅಲ್ಲಿ ರಕ್ತ ಕೊಡುವವರು ತೋಳು ಮಡಚಿಕೊಂಡು ಸಾಲಾಗಿ ಕೂತಿರುತ್ತಾರೆ, ನಿನಗೆ ಅಳಲು ಪುರುಸೊತ್ತು ಸಿಗುವುದಿಲ್ಲ. "ಇರುವೆ ಕಚ್ಚಿದ ಹಾಗೆ ಆಗುತ್ತೆ, ಅಷ್ಟೇ" ಅಂತ ಎಲ್ಲರಿಗೂ ಒಂದೇ ಸುಳ್ಳು ಹೇಳಿ ಸೂಜಿ ಚುಚ್ಚುತ್ತೀಯಲ್ಲ, ಚಿಕ್ಕವಳಿದ್ದಾಗ ನನಗೂ ಹೇಳಿದ್ದೆ. ಎಂಥಾ ಇರುವೆಯೋ ಮಹಾರಾಯ್ತಿ, ಮನೆಗೆ ಬರುವವರೆಗೂ ಅತ್ತಿದ್ದೆ.

ನಿನ್ನೆ ಅಪ್ಪ ಬಾಯಿಬಿಟ್ಟರು. ನಿನ್ನ ಎಂ.ಎಸ್ಸಿ. ಸೀಟಿಗೆ ಸೇರಲು ಈ ಶುಕ್ರವಾರವೇ ಕೊನೆಯ ದಿನವಂತೆ. ನೀನು ಸೇರುವುದಿಲ್ಲವಂತೆ. ಭಾನುವಾರ ಗುಬ್ಬಿ ಎರಡನೇ ಸಲ ಪರೀಕ್ಷೆ ಬರೆಯಲಿ, ಆಮೇಲೆ ನೋಡೋಣ ಎಂದೆಯಂತೆ. ಏನನ್ನು ನೋಡುತ್ತೀಯ? ಶುಕ್ರವಾರ ಕಳೆದ ಮೇಲೆ ನೋಡಲು ಏನು ಉಳಿದಿರುತ್ತದೆ? ನಿನಗೆ ತಲೆ ಕೆಟ್ಟಿದೆಯಾ?

ಈ ಪ್ರವೇಶ ಪರೀಕ್ಷೆಗೆ ನೀನು ಕೂತದ್ದೇ ನನಗಾಗಿ. ನಾನು ಪುಸ್ತಕ ತೆರೆದ ಕೂಡಲೇ ಆಕಳಿಸುತ್ತೇನೆ, ಎದುರಿಗೆ ನೀನೂ ಓದುತ್ತಾ ಕೂತರೆ ನನಗೆ ಹುರುಪು ಬರುತ್ತದೆಂದು. "ನಂಗೇನು ಬರುತ್ತೆ ಕಣೇ, ಸುಮ್ನೆ ನಿಂಗೆ ಜೊತೆ" ಎಂದಿದ್ದೆ. ನಾನೂ ನಂಬಿದ್ದೆ. ಫಲಿತಾಂಶ ಬಂದರೆ ನಿನಗೆ ಸೀಟು, ನನಗೆ ಪಟ್ಟಿಯ ಬಾಲದಲ್ಲೂ ಜಾಗವಿಲ್ಲ. ಅಪ್ಪ ಊಟಕ್ಕೆ ಕೂತವರು "ಅಮ್ಮ ಪಾಸು, ಮಗಳು ಫೇಲು" ಎಂದು ನಕ್ಕರು. ನಾನೂ ನಕ್ಕೆ. ನೀನು ಮಾತ್ರ ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಅವತ್ತು ನನಗೆ ಹೊಟ್ಟೆಕಿಚ್ಚಾಯಿತು ಅಮ್ಮ. ಹೆತ್ತ ತಾಯಿಯ ಮೇಲೆ! ಇದನ್ನು ಯಾರಿಗೆ ಹೇಳಿಕೊಳ್ಳಲಿ?

ಆಮೇಲೆ ಓದಿದೆ. ಅಂಕ ಏರಿಸಲೇಬೇಕೆಂದು ಹಟ ಹಿಡಿದು ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟು ಬಿಚ್ಚಿಕೊಂಡು ಕೂತೆ. ಎಲ್ಲ ಮುಗಿದರೆ ಮತ್ತೆ ಮೊದಲಿನಿಂದ. ಒಂದೊಂದು ಸುತ್ತಿಗೂ ಅಂಕ ಏರುತ್ತಲೇ ಹೋಯಿತು. ಪ್ರತಿ ಸಲ ಅಡುಗೆಮನೆಗೆ ಓಡಿ ಬಂದು ಹೇಳುತ್ತಿದ್ದೆ, ನೀನು ಒದ್ದೆ ಕೈಯಲ್ಲೇ ನನ್ನ ಕೆನ್ನೆ ಹಿಂಡುತ್ತಿದ್ದೆ. ಒಮ್ಮೆ ಮಾತ್ರ ಮೆಲ್ಲಗೆ "ಅದೇ ಪೇಪರ್ ಎಷ್ಟು ಸಲ ಮಾಡ್ತೀಯೇ, ಹೊಸದೊಂದು ನೋಡಬಾರ್ದಾ" ಎಂದೆ. ನಾನು ಉರಿದುಬಿದ್ದೆ. ಒಂದು ಸೀಟು ಸಿಕ್ಕಿತೆಂದು ಮೇಷ್ಟ್ರಾಗಬೇಡ ಎಂದೆ. ಅವತ್ತಿನಿಂದ ನನ್ನ ಓದಿನ ವಿಷಯಕ್ಕೆ ನೀನು ಬಾಯಿ ಹಾಕಲಿಲ್ಲ.

ನೀನು ಹೇಳಿದ್ದೇ ಸರಿ. ನಾನು ಲೆಕ್ಕ ಬಿಡಿಸುತ್ತಲೇ ಇರಲಿಲ್ಲ. ಪ್ರಶ್ನೆಯ ಮೊದಲ ಸಾಲು ಕಂಡರೆ ಸಾಕು, ಉತ್ತರ ಮೂರನೆಯದೆಂದು ಬೆರಳು ತಾನಾಗಿ ಹೋಗುತ್ತಿತ್ತು. ಯಾಕೆ ಮೂರನೆಯದು ಎಂದು ಯಾರಾದರೂ ಕೇಳಿದ್ದರೆ ಬೆಬ್ಬೆಬ್ಬೆ ಅನ್ನಬೇಕಿತ್ತು. ಮೊನ್ನೆ ಒಂದು ಹೊಸ ಪತ್ರಿಕೆ ಎದುರಿಗೆ ಬಂತು. ಒಂದೂ ಗುರುತಿನ ಮುಖವಿಲ್ಲ. ಇಷ್ಟು ತಿಂಗಳ ಓದಿನ ಮೇಲೆ ಬಂದದ್ದು ಮೊದಲ ಸಲಕ್ಕಿಂತ ಎರಡು ಅಂಕ ಕಡಿಮೆ.

ನಿನಗೆ ಆ ಸೀಟು ಬೇಡವೆಂದು ಮಾತ್ರ ನನ್ನ ಹತ್ತಿರ ಹೇಳಬೇಡ. ಪಾತ್ರೆ ತೊಳೆಯುವಾಗ ನಿನ್ನ ತುಟಿ ಆಡುತ್ತಿರುತ್ತದೆ. ಹಾಡು ಗುನುಗುತ್ತಿದ್ದೀಯ ಎಂದುಕೊಂಡಿದ್ದೆ. ಹತ್ತಿರ ಬಂದು ಕೇಳಿದರೆ ರಕ್ತದೊಳಗಿನ ಪ್ರೋಟೀನುಗಳ ಹೆಸರು! ಸುಮ್ಮನೆ ಜೊತೆಗೆಂದು ಓದುವವರು ಹಾಗೆ ಓದುತ್ತಾರಾ? ನಿನಗೆ ಅದು ಬೇಕು, ನನಗಿಂತ ಹೆಚ್ಚು ಬೇಕು.

ನೀನು ಬಿಟ್ಟರೆ ಆ ಸೀಟೇನು ನನಗೆ ಬರುತ್ತದಾ? ಗುರುತು ಪರಿಚಯ ಇಲ್ಲದ ಯಾರದೋ ಪಾಲಾಗುತ್ತದೆ. ನಾನು ಮಾತ್ರ ನನ್ನ ಸೋಲಿನ ಜೊತೆಗೆ ನಿನ್ನದನ್ನೂ ಹೊತ್ತುಕೊಂಡು ಓಡಾಡಬೇಕು. ನನ್ನಿಂದ ಆಗುವುದಿಲ್ಲ ಅಮ್ಮ. ಸಾಕಾಗಿ ಹೋಗಿದೆ. ಬೆಳಗ್ಗೆ ಕಣ್ಣು ಬಿಟ್ಟರೆ ಯಾಕಾದರೂ ಬೆಳಗಾಯಿತೋ ಅನ್ನಿಸುತ್ತದೆ. ಗಾಬರಿಯಾಗಬೇಡ, ನಾನು ಎಲ್ಲಿಗೂ ಹೋಗುವುದಿಲ್ಲ, ನೀನು ಮನೆಗೆ ಬರುವಾಗ ಇಲ್ಲೇ ಇರುತ್ತೇನೆ. ಬಂದ ಮೇಲೆ ಇದರ ಬಗ್ಗೆ ಏನೂ ಕೇಳಬೇಡ. ಊಟ ಆಯ್ತಾ ಅಂತ ಮಾತ್ರ ಕೇಳು.

ನಾಡಿದ್ದು ಹೋಗಿ ಸೇರಿಕೋ.

ನಿನ್ನ
ಗುಬ್ಬಿ

ತಾ.ಕ.: ಭಾನುವಾರಕ್ಕೆ ಕಾಯಬೇಡ, ಅವತ್ತು ಏನೂ ಇಲ್ಲ. ಮೇಲೆ ಬರೆದ ಹೊಸ ಪತ್ರಿಕೆ ಇದೆಯಲ್ಲ, ಅದೇ ಪರೀಕ್ಷೆ. ಸೋಮವಾರ ಲೈಬ್ರರಿಗೆಂದು ಹೇಳಿ ಹೋದದ್ದು ಅದಕ್ಕೇ. ನಿನಗೆ ಬೇಕೆಂದೇ ತಪ್ಪು ದಿನ ಹೇಳಿದ್ದೆ. ಹೊರಗೆ ಬಂದಾಗ ಗೇಟಿನ ಹತ್ತಿರ ನೀನು ನೀರಿನ ಬಾಟಲಿ ಹಿಡಿದು ನಿಂತಿರುವುದನ್ನು ನೋಡುವ ಶಕ್ತಿ ನನಗಿರಲಿಲ್ಲ. ಅಂಕ ಅಲ್ಲೇ ಕಂಪ್ಯೂಟರಿನಲ್ಲಿ ಕಂಡಿತು. ಇರುವೆ ಕಚ್ಚಿದ ಹಾಗಾಯಿತು, ಅಷ್ಟೇ.