ಹೆಲಿಕಾಪ್ಟರಿನಲ್ಲಿ ಒಬ್ಬರಿಗೇ ಜಾಗ

ಹಡಗಿನಿಂದ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಗುಬ್ಬಿಗೆ,

ಹೇಗಿದ್ದೀಯ ಮಗಳೇ? ಇಷ್ಟು ಕೇಳುವುದಕ್ಕೆ ನಿನ್ನ ಅಮ್ಮನಿಗೆ ಏಳು ವಾರ ಬೇಕಾಯಿತು. ಬೈಯಬೇಕು ಅನಿಸಿದರೆ ಬೈದುಕೋ, ಆದರೆ ಪೂರ್ತಿ ಓದಿದ ಮೇಲೆ. ಫೋನ್ ಮಾಡಿದಾಗಲೆಲ್ಲ ನೀನು "ಕಾಗದ ಸಿಕ್ತಾ?" ಅನ್ನುತ್ತೀಯ, ನಾನು "ಸಿಕ್ತು, ಬರೀತೀನಿ" ಅನ್ನುತ್ತೇನೆ. ಅಷ್ಟರಲ್ಲಿ ಲೈನು ಹೋಗುತ್ತದೆ. ಹೋದರೆ ಒಳ್ಳೆಯದೇ ಆಯಿತು ಅನಿಸುತ್ತಿತ್ತು. ಹಲೋ ಹಲೋ ಎಂದು ಕೂಗಿಕೊಂಡು ಹೇಳುವ ವಿಷಯವಲ್ಲ ಇದು.

ಅಜ್ಜಿಯ ಮಂಡಿ ಹೇಗಿದೆ? ಬಿಸಿನೀರಿನ ಶಾಖ ಕೊಡುತ್ತಿದ್ದೀಯ ತಾನೆ? ಪಕ್ಕದ ಮನೆಯವರು ಕೊಡುವ ಗುಳಿಗೆಗಳನ್ನು ಅವಳ ಕೈಗೆ ಸಿಗದ ಹಾಗೆ ಮಾಡು. ಮಗಳು ಇಪ್ಪತ್ತೆರಡು ವರ್ಷದಿಂದ ನರ್ಸು, ಮೊಮ್ಮಗಳು ನರ್ಸಿಂಗ್ ಕೊನೆಯ ವರ್ಷ, ಆದರೂ ಅವಳಿಗೆ ಪಕ್ಕದ ಮನೆಯವರ ಮಾತೇ ವೇದವಾಕ್ಯ.

ಇನ್ನು ನೀನು ಕೇಳಿದ್ದಕ್ಕೆ ಬರುತ್ತೇನೆ. ಓದು ಮುಗಿದ ಮೇಲೆ ನಾನೂ ಪ್ರವಾಸಿ ಹಡಗಿಗೆ ಅರ್ಜಿ ಹಾಕಲಾ ಎಂದು ಬರೆದಿದ್ದೀಯ. ನಿನ್ನ ಗೆಳತಿಯರು ತೋರಿಸುವ ಫೋಟೋಗಳಲ್ಲಿ ಬಿಳಿ ಹಡಗು, ನೀಲಿ ನೀರು ಇರುತ್ತವೆ. ನಾನು ಕೆಲಸ ಮಾಡುವ ಜಾಗಕ್ಕೆ ಕಿಟಕಿಯೇ ಇಲ್ಲ ಗುಬ್ಬಿ. ಹಡಗಿನ ತಳದಿಂದ ಎರಡನೆಯ ಅಂತಸ್ತು, ಬಟ್ಟೆ ಒಗೆಯುವ ಯಂತ್ರಗಳ ಪಕ್ಕ. ಗೋಡೆಗೆ ಕೈ ಇಟ್ಟರೆ ಇಡೀ ದಿನ ಸಣ್ಣಗೆ ನಡುಗುತ್ತಿರುತ್ತದೆ. ಪ್ರಯಾಣಿಕರು, ಕೆಲಸದವರು ಸೇರಿ ನಾಲ್ಕು ಸಾವಿರ ಜನ. ಒಂದು ಊರಿಗೆ ಊರೇ. ಆ ಊರಿಗೆ ಇಬ್ಬರು ಡಾಕ್ಟರು, ಮೂವರು ನರ್ಸುಗಳು, ಉಸಿರಾಟದ ಯಂತ್ರವಿರುವ ಎರಡೇ ಹಾಸಿಗೆ. ಮೂಳೆ ಕಟ್ಟುತ್ತೇವೆ, ಹೊಲಿಗೆ ಹಾಕುತ್ತೇವೆ, ವಾಂತಿ ನಿಲ್ಲಿಸುತ್ತೇವೆ. ಅದಕ್ಕಿಂತ ದೊಡ್ಡದೇನಾದರೂ ಬಂದರೆ ದಡ ಸಿಗುವವರೆಗೆ ಜೀವ ಹಿಡಿದಿಟ್ಟುಕೊಳ್ಳಬೇಕು. ಮೇಲೆ ಹದಿನಾಲ್ಕು ಅಂತಸ್ತು, ಈಜುಕೊಳ, ನಾಟಕಶಾಲೆ ನೋಡಿದವರಿಗೆ ಕೆಳಗೆ ಆಸ್ಪತ್ರೆಯೂ ಅಷ್ಟೇ ದೊಡ್ಡದಿರುತ್ತದೆ ಎಂಬ ನಂಬಿಕೆ. ಹಾಗೇನೂ ಇಲ್ಲ ಎಂದು ಟಿಕೆಟಿನ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ರಜೆಗೆ ಹೊರಟವರು ಅದನ್ನೆಲ್ಲ ಓದುತ್ತಾರೆಯೇ?

ಜನವರಿಯ ಕೊನೆಯ ಪ್ರಯಾಣದಲ್ಲಿ ನಡೆದದ್ದನ್ನು ಹೇಳುತ್ತೇನೆ. ಆಮೇಲೆ ನೀನೇ ಯೋಚಿಸು.

ಹೊರಡುವ ದಿನ ಸುರಕ್ಷತಾ ತಾಲೀಮು ಇರುತ್ತದೆ. ಅಪಾಯದ ಗಂಟೆ ಬಾರಿಸಿದರೆ ಯಾರು ಎಲ್ಲಿ ನಿಲ್ಲಬೇಕು, ತೇಲುವ ಜಾಕೆಟ್ಟನ್ನು ಹೇಗೆ ಕಟ್ಟಿಕೊಳ್ಳಬೇಕು ಎಂದು ತೋರಿಸುತ್ತಾರೆ. ಜನ ಕಿವಿಗೆ ಹಾಕಿಕೊಳ್ಳುವುದಿಲ್ಲ. ಜಾಕೆಟ್ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ, ನಗುತ್ತಾರೆ. ಅವತ್ತು ಒಬ್ಬರು ಮಾತ್ರ ಪಟ್ಟಿಯನ್ನು ಎರಡೆರಡು ಸಲ ಬಿಚ್ಚಿ ಕಟ್ಟಿ ನೋಡುತ್ತಿದ್ದರು. ಹೆಂಡತಿಗೂ ಕಟ್ಟಿದರು. ಅವರ ಮಾತು ಕಿವಿಗೆ ಬಿದ್ದು ತಿರುಗಿ ನೋಡಿದೆ. ನಮ್ಮ ಭಾಷೆ. ನಾನು ಮಾತಾಡಿಸಿದ್ದಕ್ಕೆ ಆ ಹೆಂಗಸಿಗೆ ತವರಿನವರು ಸಿಕ್ಕಷ್ಟು ಖುಷಿ.

"ಮೂವತ್ತಾರು ವರ್ಷ ಬಸ್ಸು ಓಡಿಸಿದೀನಮ್ಮ," ಅಂದರು ಅವರು. "ತುರ್ತು ಬಾಗಿಲು ಎಲ್ಲಿದೆ ಅಂತ ಕೇಳಿದ ಒಬ್ಬೇ ಒಬ್ಬ ಪ್ಯಾಸೆಂಜರ್ ಸಿಗ್ಲಿಲ್ಲ. ಅದಕ್ಕೆ ನಾನಾದ್ರೂ ಕೇಳೋಣ ಅಂತ."

"ಇವರಿಗೆ ಎಲ್ಲಿ ಹೋದ್ರೂ ಡ್ಯೂಟಿನೇ," ಅಂದರು ಹೆಂಡತಿ. "ರಜಕ್ಕೆ ಬಂದಿದೀವಿ, ಸುಮ್ನೆ ಇರಿ ಅಂದ್ರೆ ಕೇಳಲ್ಲ."

ಮೂವರು ಮಕ್ಕಳು ಸೇರಿ ಕಳಿಸಿದ್ದರಂತೆ. ಆ ತಾಯಿ ಅದುವರೆಗೆ ಸಮುದ್ರವನ್ನೇ ನೋಡಿರಲಿಲ್ಲ. ಆಮೇಲೆ ದಿನಾ ನಾನು ಮೇಲಕ್ಕೆ ಹೋದಾಗ ಹಡಗಿನ ಅಂಚಿನ ಕಟಕಟೆಯ ಹತ್ತಿರ ಸಿಗುತ್ತಿದ್ದರು. ಇಬ್ಬರೂ ನೀರು ನೋಡುತ್ತಾ ಕೂತಿರುತ್ತಿದ್ದರು.

ನಾಲ್ಕನೆಯ ದಿನ ವಾಂತಿಭೇದಿ ಶುರುವಾಯಿತು. ಹಡಗಿನಲ್ಲಿ ಇದು ಒಬ್ಬರಿಗೆ ಬಂದರೆ ಮುಗಿಯಿತು, ಬಾಗಿಲ ಹಿಡಿಕೆಯಿಂದ ಬಾಗಿಲ ಹಿಡಿಕೆಗೆ ಓಡುತ್ತದೆ. ಎರಡೇ ದಿನದಲ್ಲಿ ನೂರರ ಮೇಲೆ ಹೋಯಿತು. ಹಿರಿಯ ಡಾಕ್ಟರೇ ಹಾಸಿಗೆ ಹಿಡಿದರು. ಮೂವರು ನರ್ಸುಗಳಲ್ಲಿ ಒಬ್ಬಳು ಮಲಗಿದಳು. ಉಳಿದವರು ಕಿರಿಯ ಡಾಕ್ಟರು, ನಾನು, ಇನ್ನೊಬ್ಬಳು. ಕಿರಿಯ ಡಾಕ್ಟರಿಗೆ ನಿನಗಿಂತ ಏಳೆಂಟು ವರ್ಷ ಹೆಚ್ಚಿರಬಹುದು. ಒಳ್ಳೆಯ ಹುಡುಗ. ಹಡಗಿಗೆ ಹೊಸಬ.

ಆರನೆಯ ದಿನ ಬೆಳಿಗ್ಗೆ ಎಂಟಕ್ಕೆ ಆ ದಂಪತಿ ಬಂದರು. ಹೊರಗೆ ಬೆಂಚು ಸಾಲದೆ ಜನ ನೆಲದ ಮೇಲೆ ಕೂತಿದ್ದರು, ಕೈಯಲ್ಲಿ ಚೀಲ ಹಿಡಿದುಕೊಂಡು. ಗಂಡ ಹೊಟ್ಟೆಯ ಮೇಲ್ಭಾಗ ಹಿಡಿದುಕೊಂಡಿದ್ದರು. ಬೆವರಿದ್ದರು, ಆದರೆ ಅವತ್ತು ಬೆವರದವರು ಯಾರು? ಡಾಕ್ಟರಿಗೆ ಇವರ ಭಾಷೆ ಬಾರದು. ಮಧ್ಯೆ ನಾನೇ ನಿಂತೆ.

"ಎದೆನೋವು ಇದೆಯಾ, ಭುಜಕ್ಕೆ, ಕೈಗೆ ಹರಡ್ತಿದೆಯಾ ಕೇಳಿ," ಅಂದರು ಡಾಕ್ಟರು.

ಕೇಳಿದೆ. ಅವರು ಹೆಂಡತಿಯ ಮುಖ ನೋಡಿ, "ಅದೆಲ್ಲ ಏನಿಲ್ಲಮ್ಮ, ಗ್ಯಾಸು," ಅಂದರು. ನಾನು ಇಲ್ಲ ಎಂದು ಡಾಕ್ಟರಿಗೆ ಹೇಳಿದೆ. ಆದರೂ ಡಾಕ್ಟರು ಇಸಿಜಿ ತೆಗೆಸಿದರು. ಗೆರೆಗಳು ಸರಿಯಾಗಿಯೇ ಕಂಡವು. ನಿನಗೆ ಪಾಠದಲ್ಲಿ ಹೇಳಿರುತ್ತಾರೆ, ಮೊದಲನೆಯ ಇಸಿಜಿ ಸುಳ್ಳು ಹೇಳಬಹುದು, ಅನುಮಾನವಿದ್ದರೆ ಇಟ್ಟುಕೊಂಡು ಮತ್ತೆ ತೆಗೆಯಬೇಕು. ಅನುಮಾನ ಬರುವಂಥದ್ದು ಡಾಕ್ಟರಿಗೆ ಏನೂ ಕಾಣಲಿಲ್ಲ. ಎರಡು ಹಾಸಿಗೆಯಲ್ಲೂ ಜನರಿದ್ದರು. ಹೊಟ್ಟೆನೋವಿಗೆ ಚುಚ್ಚುಮದ್ದು ಕೊಟ್ಟು ಕೋಣೆಗೆ ಕಳಿಸಿದರು.

ಹತ್ತೂವರೆಗೆ ಧ್ವನಿವರ್ಧಕದಲ್ಲಿ ನಮ್ಮ ಸಂಕೇತದ ಮಾತು ಬಂತು. ಯಾರಿಗೋ ಜೀವಕ್ಕೆ ಅಪಾಯ ಎಂದು ಅದರ ಅರ್ಥ. ಪ್ರಯಾಣಿಕರಿಗೆ ತಿಳಿಯದಿರಲೆಂದು ಬೇರೇನೋ ಶಬ್ದ ಇಟ್ಟಿದ್ದಾರೆ. ಜೊತೆಗೆ ಹೇಳಿದ ಕೋಣೆಯ ಸಂಖ್ಯೆ ಆ ದಂಪತಿಯದು. ಒಂಬತ್ತನೆಯ ಅಂತಸ್ತಿಗೆ ಓಡಿದೆವು. ಲಿಫ್ಟಿನ ತುಂಬ ಈಜುಬಟ್ಟೆಯ ಜನ. ಇಳಿಯಿರಿ ಎಂದರೆ, ಏನಾಯ್ತು ಏನಾಯ್ತು ಎಂದು ನಿಂತೇ ಇದ್ದರು.

ಕೆಳಗೆ ತಂದು ಮತ್ತೆ ಇಸಿಜಿ ತೆಗೆದಾಗ ಅನುಮಾನಕ್ಕೆ ಜಾಗವೇ ಇರಲಿಲ್ಲ. ಹೃದಯದ ಕೆಳಭಾಗ ಪೂರ್ತಿ ಹೊಡೆತ ತಿಂದಿತ್ತು. ರಕ್ತದ ಹೆಪ್ಪು ಕರಗಿಸುವ ಮದ್ದು ಕೊಟ್ಟೆವು. ರಕ್ತದೊತ್ತಡ ಏರಲೇ ಇಲ್ಲ. ಕಿರಿಯ ಡಾಕ್ಟರು ಕ್ಯಾಪ್ಟನ್ನಿಗೆ ಫೋನ್ ಮಾಡಿದರು. ದಡದಿಂದ ಹೆಲಿಕಾಪ್ಟರು ಬಂದು ಹಿಂತಿರುಗುವಷ್ಟು ಹತ್ತಿರ ನಾವಿರಲಿಲ್ಲ. ಕ್ಯಾಪ್ಟನ್ ಒಂದು ನಿಮಿಷವೂ ತಡ ಮಾಡದೆ ಹಡಗು ತಿರುಗಿಸಿದರು ಎಂಬುದನ್ನು ಹೇಳಲೇಬೇಕು. ಆದರೂ ಹೆಲಿಕಾಪ್ಟರಿಗೆ ಎಟುಕುವ ಜಾಗಕ್ಕೆ ಹೋಗಲು ಐದು ಗಂಟೆ ಹಿಡಿಯಿತು. ಆ ಐದು ಗಂಟೆಯೂ ಡಾಕ್ಟರು ಮಂಚ ಬಿಟ್ಟು ಕದಲಲಿಲ್ಲ. ಹೊರಗಿನವರನ್ನು ನೋಡಿಕೊಂಡವಳು ಇನ್ನೊಬ್ಬ ನರ್ಸು. ಮಧ್ಯದಲ್ಲಿ ಒಬ್ಬರು ಬಾಗಿಲು ತಟ್ಟಿ, ಇವತ್ತಿನ ದ್ವೀಪ ತಪ್ಪಿಹೋಯಿತಲ್ಲ, ಯಾರಿಗೆ ದೂರು ಕೊಡಬೇಕು ಎಂದು ಕೇಳಿದರಂತೆ.

ಹೆಲಿಕಾಪ್ಟರು ಬಂದಾಗ ಮೇಲಿನ ಅಂಗಳ ಖಾಲಿ ಮಾಡಿಸಿದ್ದರು. ಬಾಲ್ಕನಿಗಳಲ್ಲಿ ಮಾತ್ರ ಸಾಲುಸಾಲು ಫೋನುಗಳು. ಹಗ್ಗದಲ್ಲಿ ಇಳಿದವನು ಒಂದು ಬೆರಳು ತೋರಿಸಿದ. ಒಬ್ಬರಿಗೆ ಮಾತ್ರ ಜಾಗ, ರೋಗಿಗೆ. ಹೆಂಡತಿ ಸ್ವೆಟರು ಹಾಕಿಕೊಂಡು, ಚೀಲ ಹೆಗಲಿಗೇರಿಸಿಕೊಂಡು ತಯಾರಾಗಿ ನಿಂತಿದ್ದರು. ಅವರಿಗೆ ಇದನ್ನು ಹೇಳಬೇಕಾದವಳೂ ನಾನೇ.

"ನಂಗೆ ಸೀಟು ಬೇಡ," ಅಂದರು. "ನೆಲದ ಮೇಲೆ ಕೂತ್ಕೋತೀನಿ ಅಂತ ಹೇಳಿ ಅವರಿಗೆ."

"ಬಿಡಲ್ಲಮ್ಮ. ನಿಯಮ."

"ಅಲ್ಲಿ ಇವರ ಮಾತು ಯಾರಿಗೆ ಬರತ್ತೆ? ಎಚ್ಚರ ಆದ್ರೆ ಯಾರ ಹತ್ರ ಏನು ಕೇಳ್ತಾರೆ?"

ಹಗ್ಗದಲ್ಲಿ ಇಳಿದವನನ್ನು ಮತ್ತೊಮ್ಮೆ ಕೇಳಿದೆ, ಅವನು ಅದೇ ಒಂದು ಬೆರಳು ತೋರಿಸಿದ. "ಹಾಗಾದ್ರೆ ಒಂದು ಚೀಟಿ ಬರೀರಿ," ಅಂದರು. "ನಾನು ಹಿಂದೆನೇ ಬರ್ತಿದೀನಿ ಅಂತ. ದೊಡ್ಡ ಅಕ್ಷರದಲ್ಲಿ ಬರೀರಿ, ಕನ್ನಡಕ ಹಾಕಿಲ್ಲ ಅವರು." ಬರೆದು, ಸ್ಟ್ರೆಚರಿನ ಮೇಲಿದ್ದ ಅವರ ಮುಷ್ಟಿಯೊಳಗೆ ಮಡಚಿಟ್ಟೆ. ಆ ಮುಷ್ಟಿ ತಣ್ಣಗಿತ್ತು.

ಅವತ್ತು ಸಂಜೆಯೇ ದಡದ ಆಸ್ಪತ್ರೆಯಲ್ಲಿ ಹೋಗಿಬಿಟ್ಟರು. ನಾವು ಬಂದರು ಮುಟ್ಟಿದ್ದು ಮರುದಿನ ಬೆಳಿಗ್ಗೆ. ಕ್ಯಾಪ್ಟನ್ನೂ ನಾನೂ ಕೋಣೆಗೆ ಹೋದಾಗ ಆ ತಾಯಿ ಅವರ ಅಂಗಿಗಳನ್ನು ಮಡಚಿ ಪೆಟ್ಟಿಗೆಗೆ ಇಡುತ್ತಿದ್ದರು. ಹೇಳಿ ಮುಗಿಸಿದ ಮೇಲೂ ಕೈಯಲ್ಲಿದ್ದ ಅಂಗಿಯ ಗುಂಡಿಗಳನ್ನು ಒಂದೊಂದಾಗಿ ಹಾಕಿ ಮುಗಿಸಿದರು. ಆಮೇಲೆ, "ಅಲ್ಲಿ ಯಾರಾದ್ರೂ ಅವರ ಕೈ ಹಿಡ್ಕೊಂಡಿದ್ರಾ?" ಎಂದು ಕೇಳಿದರು. ಹಿಡಿದುಕೊಂಡಿದ್ದರು ಅಂದೆ. ನನಗೇನು ಗೊತ್ತು? ಅವರು ನನ್ನ ಎರಡೂ ಕೈ ಹಿಡಿದುಕೊಂಡು, "ನಮ್ಮ ಮಾತು ಬರೋ ನೀವೊಬ್ರು ಇದ್ರಲ್ಲ. ಅದು ನಮ್ಮ ಪುಣ್ಯ," ಅಂದರು.

ಹತ್ತು ದಿನ ಬಿಟ್ಟು ಕಂಪನಿಯಿಂದ ಇಬ್ಬರು ವಿಚಾರಣೆಗೆ ಬಂದರು. ಬೆಳಿಗ್ಗೆ ಬಂದ ರೋಗಿಯನ್ನು ಯಾಕೆ ಇಟ್ಟುಕೊಳ್ಳಲಿಲ್ಲ ಎಂಬ ಒಂದೇ ಪ್ರಶ್ನೆಯನ್ನು ಡಾಕ್ಟರಿಗೆ ಹತ್ತು ರೀತಿಯಲ್ಲಿ ಕೇಳಿದರು. ನೂರು ರೋಗಿಗಳಿಗೆ ಒಬ್ಬರೇ ಡಾಕ್ಟರು ಯಾಕಿದ್ದರು ಎಂದು ಅವರನ್ನು ಕೇಳುವವರು ಯಾರೂ ಇರಲಿಲ್ಲ. ಮುಂದಿನ ಬಂದರಿನಲ್ಲಿ ಡಾಕ್ಟರನ್ನು ಇಳಿಸಿದರು. ಹೋಗುವಾಗ ಆ ಹುಡುಗ ನನ್ನ ಹತ್ತಿರ ಬಂದು, "ಸಿಸ್ಟರ್, ನಾನು ಇನ್ನೇನು ಕೇಳಬೇಕಿತ್ತು?" ಅಂದ. ನೀವು ಕೇಳಬೇಕಾದ್ದನ್ನೆಲ್ಲ ಕೇಳಿದಿರಿ ಅಂದೆ. ಅವನಿಗೆ ಸಮಾಧಾನವಾಗಲಿಲ್ಲ.

ನಾವು ಮತ್ತೆ ಹೊರಟೆವು. ಹೊಸ ಜನ, ಹೊಸ ತಾಲೀಮು, ಅದೇ ಜಾಕೆಟ್ಟು, ಅದೇ ನಗು. ಹೊಸ ಡಾಕ್ಟರು ಬಂದಿದ್ದಾರೆ. ನಾನು ಮಾತ್ರ ಹಳಬಳಾಗಿದ್ದೇನೆ. ಬೆಳಿಗ್ಗೆ ಎದ್ದು ಬೂಟಿನ ದಾರ ಕಟ್ಟುವುದೇ ಒಂದು ಕೆಲಸ ಅನಿಸುತ್ತದೆ. ಮೇ ತಿಂಗಳಿಗೆ ಕರಾರು ಮುಗಿಯುತ್ತದೆ. ಇನ್ನು ಸಹಿ ಹಾಕುವುದಿಲ್ಲ. ಮನೆಗೆ ಬರುತ್ತೇನೆ.

ನೀನು ಹಡಗಿಗೆ ಬರಬೇಡ ಎಂದು ಹೇಳುವುದಿಲ್ಲ. ಇಲ್ಲಿಗೂ ಒಳ್ಳೆಯ ನರ್ಸುಗಳು ಬೇಕು. ಎಲ್ಲ ಕಡೆಗಿಂತ ಹೆಚ್ಚಾಗಿ ಬೇಕು. ಬರುವುದಾದರೆ ಎಷ್ಟು ಜನಕ್ಕೆ ಎಷ್ಟು ಮಂದಿ ಇರುತ್ತೀರಿ ಎಂದು ಮೊದಲೇ ಕೇಳು. ಮಾತು ನುಣುಚಿದರೆ ಎದ್ದು ಬಂದುಬಿಡು.

ಪರೀಕ್ಷೆಗೆ ಚೆನ್ನಾಗಿ ಓದು. ಓದುವಾಗ ಊಟ ಬಿಡಬೇಡ. ಅಜ್ಜಿಯ ಮೇಲೆ ರೇಗಬೇಡ. ನಿನ್ನ ಕೈಗುಣ ಒಳ್ಳೆಯದಾಗಲಿ, ನಿನ್ನ ಕೈಗೆ ಬಂದವರೆಲ್ಲ ಎದ್ದು ನಡೆದು ಮನೆಗೆ ಹೋಗಲಿ. ಅಮ್ಮನ ಹರಕೆ ಇಷ್ಟೇ.

ನಿನ್ನ,
ಅಮ್ಮ

ಮರೆತು ಬಿಟ್ಟದ್ದಲ್ಲ, ಬರೆಯಲಾಗದೆ ಬಿಟ್ಟದ್ದು: ಆ ಬೆಳಿಗ್ಗೆ ಡಾಕ್ಟರು ಪಕ್ಕದ ರೋಗಿಯ ಹತ್ತಿರ ಹೋದರು, ಆ ತಾಯಿ ಹೊರಗೆ ಕಾಗದಕ್ಕೆ ಸಹಿ ಹಾಕಲು ಹೋದರು. ಆಗ ಅವರ ಗಂಡ ನನ್ನ ತೋಳು ಹಿಡಿದು ಮೆಲ್ಲಗೆ ಹೇಳಿದರು: "ಎಡಗೈ ಮರಗಟ್ಟಿದ ಹಾಗಿದೆಯಮ್ಮ. ಎದೇನೂ ಹಿಂಡ್ತಿದೆ. ಇವಳ ಮುಂದೆ ಹೇಳ್ಬೇಡಿ, ಮೊದಲ ಸಲ ಸಮುದ್ರ ನೋಡ್ತಿದಾಳೆ." ಡಾಕ್ಟರಿಗೆ ಹೇಳುತ್ತೇನೆ ಅಂದೆ. ಹೇಳುವುದಕ್ಕೆಂದೇ ಹೊರಟೆ. ಬಾಗಿಲಲ್ಲಿ ಒಬ್ಬಾಕೆ ಕುಸಿದು ಬಿದ್ದಳು, ಅವಳನ್ನು ಎತ್ತಿದೆ. ಆಮೇಲೆ ಇನ್ನೊಬ್ಬರು, ಆಮೇಲೆ ಮತ್ತೊಬ್ಬರು. ಮೂವತ್ತು ಗಂಟೆಯಿಂದ ಕಣ್ಣು ಮುಚ್ಚಿರಲಿಲ್ಲ. ಹೆದರಿ ಬಾಯಿ ಮುಚ್ಚಿಕೊಂಡೆನೇ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅಲ್ಲ. ಮರೆತೆ. ಧ್ವನಿವರ್ಧಕದಲ್ಲಿ ಆ ಕೋಣೆಯ ಸಂಖ್ಯೆ ಕೇಳಿದಾಗಲೇ ನೆನಪಾದದ್ದು. ಆದರೆ ವಿಚಾರಣೆಯವರು ಕೇಳಿದಾಗ ಮರೆತಿರಲಿಲ್ಲ ಗುಬ್ಬಿ. ಎದೆನೋವು ಇಲ್ಲ ಎಂದು ರೋಗಿಯೇ ಅಂದರು, ಅಷ್ಟನ್ನೇ ಹೇಳಿದೆ. ಅದು ಸುಳ್ಳೂ ಅಲ್ಲ. ಆ ಹುಡುಗ ಇಳಿದು ಹೋದ. ಇವತ್ತು ಬೆಳಿಗ್ಗೆ ಕಂಪನಿಗೆ ಎಲ್ಲವನ್ನೂ ಬರೆದು ಕೊಟ್ಟೆ, ಡಾಕ್ಟರಿಗೂ ಒಂದು ಪ್ರತಿ ಕಳಿಸಿದೆ. ಏನಾಗುತ್ತದೋ ಆಗಲಿ. ಆ ತಾಯಿಗೆ ಮಾತ್ರ ನಾಲ್ಕು ಸಲ ಶುರು ಮಾಡಿದೆ. "ಅಮ್ಮಾ" ಎಂದು ಬರೆದ ಮೇಲೆ ಕೈ ಮುಂದಕ್ಕೆ ಹೋಗುತ್ತಿಲ್ಲ.